ಊರಿನ ಪಬ್ಬಿಗೆ ಊರೇ ಒಡೆಯ

(ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗರು ಒಂದೇ ವಿಷಯದ ಬಗ್ಗೆ ಬರೆದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.)

ಪ್ರಶ್ನೆ: ನಾವು ಉತ್ತರ ಇಂಗ್ಲೆಂಡಿನ ಸಣ್ಣ ಹಳ್ಳಿಯೊಂದರಲ್ಲಿ ಏಳು ವರ್ಷಗಳಿಂದ ಇದ್ದೇವೆ. ಅಂಚೆ ಕಚೇರಿ ಮತ್ತು ದಿನಸಿ ಅಂಗಡಿ ಹಿಂದೆಯೇ ಮುಚ್ಚಿದ್ದವು. ಈಗ ಊರಿಗೆ ಉಳಿದಿದ್ದ ಒಂದೇ ಪಬ್ ಕೂಡ ಬಾಗಿಲು ಹಾಕಿದೆ. ಮಾಲೀಕರು ಅದನ್ನು ವಾಸದ ಮನೆಗಳಾಗಿ ಮಾರ್ಪಡಿಸುವವರಿಗೆ ಮಾರಲಿದ್ದಾರೆಂಬ ಸುದ್ದಿ ಹಬ್ಬಿದ ಮೇಲೆ ಊರವರು ಸಭೆ ಸೇರಿ, ತಾವೇ ಕೊಳ್ಳುವುದೆಂದು ತೀರ್ಮಾನಿಸಿದ್ದಾರೆ. ಕಾನೂನಿನ ಬೆಂಬಲ ಎಷ್ಟರ ಮಟ್ಟಿಗೆ ಸಿಗುತ್ತದೆ? ಭಾರತದ ಪಾಸ್‌ಪೋರ್ಟ್ ಹೊಂದಿರುವ ನಾವು ಅರ್ಜಿಗೆ ಸಹಿ ಹಾಕಬಹುದೇ?

ಉತ್ತರ: ಕಾನೂನಿನಿಂದ ನಿಮಗೆ ಸಿಗುವುದು ಮುಖ್ಯವಾಗಿ ಕಾಲಾವಕಾಶ. 2011ರ ಲೋಕಲಿಸಂ ಕಾಯ್ದೆಯ ಪ್ರಕಾರ, ಊರಿನ ಸಾಮಾಜಿಕ ಬದುಕಿಗೆ ಅಗತ್ಯವಾದ ಕಟ್ಟಡವನ್ನು ‘ಅಸೆಟ್ ಆಫ್ ಕಮ್ಯುನಿಟಿ ವ್ಯಾಲ್ಯೂ’ (ಸಮುದಾಯಕ್ಕೆ ಮೌಲ್ಯವುಳ್ಳ ಆಸ್ತಿ) ಎಂದು ಪಟ್ಟಿಗೆ ಸೇರಿಸುವಂತೆ ಸ್ಥಳೀಯ ಕೌನ್ಸಿಲಿಗೆ ಅರ್ಜಿ ಸಲ್ಲಿಸಬಹುದು. ನಮ್ಮ ಗ್ರಾಮ ಪಂಚಾಯಿತಿಯಂತಹ ಪ್ಯಾರಿಷ್ ಕೌನ್ಸಿಲ್ ಈ ಅರ್ಜಿ ಸಲ್ಲಿಸಬಹುದು. ಇಲ್ಲವೇ ಆ ಪ್ರದೇಶದ ಮತದಾರರ ಪಟ್ಟಿಯಲ್ಲಿರುವ ಕನಿಷ್ಠ 21 ಮಂದಿಯ ಗುಂಪು ಸಲ್ಲಿಸಬಹುದು. ಪಬ್ ಈಗ ಮುಚ್ಚಿರುವುದು ಅಡ್ಡಿಯಲ್ಲ: ಇತ್ತೀಚಿನವರೆಗೆ ಅದು ಊರಿನ ಬಳಕೆಯಲ್ಲಿತ್ತೆಂದೂ ಮುಂದಿನ ಐದು ವರ್ಷಗಳೊಳಗೆ ಮತ್ತೆ ಬಳಕೆಗೆ ಬರುವ ಸಂಭವವಿದೆಯೆಂದೂ ತೋರಿಸಿದರೆ ಸಾಕು. ಕೌನ್ಸಿಲ್ ಎಂಟು ವಾರಗಳೊಳಗೆ ನಿರ್ಧಾರ ತಿಳಿಸಬೇಕು. ಪಟ್ಟಿಗೆ ಸೇರಿದರೆ ಐದು ವರ್ಷ ಉಳಿಯುತ್ತದೆ. ನಿಮ್ಮ ಸಹಿಯ ವಿಷಯ ಸುಲಭವಾದದ್ದು. ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದಾನದ ಹಕ್ಕಿದೆ. ಆದ್ದರಿಂದ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದ್ದರೆ ಆ 21ರಲ್ಲಿ ನೀವೂ ಒಬ್ಬರಾಗಬಹುದು. ಹೆಸರು ಸೇರಿಸಿರದಿದ್ದರೆ ಮೊದಲು ಆ ಕೆಲಸ ಮಾಡಿ.

ಪಟ್ಟಿಗೆ ಸೇರಿದ ಕಟ್ಟಡವನ್ನು ಮಾರಲು ಹೊರಟ ಮಾಲೀಕರು ಕೌನ್ಸಿಲಿಗೆ ತಿಳಿಸಬೇಕಾಗುತ್ತದೆ. ಆ ದಿನದಿಂದ ಆರು ವಾರಗಳೊಳಗೆ ಊರಿನ ಸಂಘವೊಂದು ಕೊಳ್ಳುವ ಆಸಕ್ತಿಯನ್ನು ಲಿಖಿತವಾಗಿ ತಿಳಿಸಿದರೆ, ಅದೇ ದಿನದಿಂದ ಲೆಕ್ಕ ಹಾಕಿ ಆರು ತಿಂಗಳವರೆಗೆ ಬೇರೆಯವರಿಗೆ ಮಾರುವಂತಿಲ್ಲ. ಅನೇಕ ಊರುಗಳು ಎಡವುವುದು ಇಲ್ಲಿಯೇ. ಪಟ್ಟಿಗೆ ಸೇರಿಸಲು 21 ಜನರ ಗುಂಪು ಸಾಕಾದರೂ ಮಾರಾಟಕ್ಕೆ ಆರು ತಿಂಗಳ ತಡೆ ತರಲು ನೋಂದಾಯಿತ ಸಂಸ್ಥೆಯೋ ಪ್ಯಾರಿಷ್ ಕೌನ್ಸಿಲೋ ಮುಂದೆ ಬರಬೇಕು. ಆರು ವಾರಗಳ ಗಡುವು ಶುರುವಾದ ಮೇಲೆ ಸಂಘಕ್ಕೆ ಹೆಸರು ಹುಡುಕುತ್ತ ಕುಳಿತರೆ ಅವಕಾಶ ಕೈತಪ್ಪೀತು. ತಡೆಯ ಅವಧಿ ಮುಗಿದ ಮೇಲೆ ಮಾಲೀಕರು ತಮಗೆ ಇಷ್ಟ ಬಂದವರಿಗೆ, ಇಷ್ಟ ಬಂದ ಬೆಲೆಗೆ ಮಾರಬಹುದು. ನಿಮಗೇ ಮಾರಬೇಕೆಂಬ ನಿರ್ಬಂಧ ಈ ಕಾಯ್ದೆಯಲ್ಲಿಲ್ಲ. ಕೊಳ್ಳುವ ಮೊದಲ ಹಕ್ಕನ್ನು ಊರಿಗೆ ಕೊಟ್ಟು, ತಡೆಯನ್ನು ಹನ್ನೆರಡು ತಿಂಗಳಿಗೆ ಹೆಚ್ಚಿಸುವ ಪ್ರಸ್ತಾವವುಳ್ಳ ಮಸೂದೆ 2025ರ ಜುಲೈನಲ್ಲಿ ಸಂಸತ್ತಿನಲ್ಲಿ ಮಂಡನೆಯಾಯಿತು. ಹಾಗಾಗಿ ನೀವು ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆಯೆಂದು ಕೌನ್ಸಿಲಿನಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು.

ನಿಮ್ಮ ಕೈಯಲ್ಲಿ ಇನ್ನೊಂದು ಬಲವಿದೆ. ಇದೇ ಹೆಚ್ಚಿನದೆಂದು ನನ್ನ ಅಭಿಪ್ರಾಯ. 2017ರ ಮೇ ತಿಂಗಳಿನಿಂದ ಇಂಗ್ಲೆಂಡಿನಲ್ಲಿ ಯಾವುದೇ ಪಬ್ಬನ್ನು ಕೆಡವಲು ಅಥವಾ ಮನೆ, ಅಂಗಡಿಯಾಗಿ ಮಾರ್ಪಡಿಸಲು ಯೋಜನಾ ಅನುಮತಿ ಬೇಕೇ ಬೇಕು. ಅನುಮತಿ ಸಿಗುವುದಿಲ್ಲವೆಂದು ಖಚಿತವಾದ ಮೇಲೆ ಮನೆಯ ದರ ಕೇಳುತ್ತಿದ್ದ ಮಾಲೀಕರು ಪಬ್ಬಿನ ದರಕ್ಕೆ ಇಳಿಯುವುದುಂಟು. ಅನುಮತಿಯ ಅರ್ಜಿ ಬಂದಾಗ ಊರಿನ ಪ್ರತಿಯೊಂದು ಮನೆಯಿಂದ ಆಕ್ಷೇಪಣೆ ಹೋಗಲಿ, ಅದಕ್ಕೆ ಖರ್ಚಿಲ್ಲ.

ಪಟ್ಟಿಗೆ ಸೇರಿದ ಮೊದಲ ಪಬ್ ಹಳ್ಳಿಯದಲ್ಲ, ಆಗ್ನೇಯ ಲಂಡನ್ನಿನ ನನ್‌ಹೆಡ್‌ನಲ್ಲಿರುವ ಐವಿ ಹೌಸ್. 2012ರಲ್ಲಿ ಮುಚ್ಚಿದ್ದ ಅದನ್ನು ಸುತ್ತಲಿನ ನಿವಾಸಿಗಳು ಕೊಂಡು 2013ರಲ್ಲಿ ಮತ್ತೆ ತೆರೆದರು. ಎಲ್ಲ ಊರಿಗೂ ಅಷ್ಟು ಬೇಗ ಆಗುವುದಿಲ್ಲ. ಬಾತ್ ನಗರದ ಬಳಿಯ ಸೌತ್ ಸ್ಟೋಕ್ ಹಳ್ಳಿಯ ಪ್ಯಾಕ್‌ಹಾರ್ಸ್ ಕೂಡ 2012ರಲ್ಲಿಯೇ ಮುಚ್ಚಿತು. ಊರವರು ಅದನ್ನು ಕೊಂಡದ್ದು 2016ರಲ್ಲಿ, ದುರಸ್ತಿ ಮುಗಿಸಿ ಬಾಗಿಲು ತೆರೆದದ್ದು 2018ರಲ್ಲಿ. ನಿಮ್ಮ ಸಮಿತಿಯಲ್ಲಿ ಮೂರನೆಯ ವರ್ಷವೂ ಸಭೆಗೆ ಬರುವವರು ಎಷ್ಟು ಮಂದಿ ಇದ್ದಾರೆಂದು ಈಗಲೇ ಎಣಿಸಿಕೊಳ್ಳಿ.

ಪ್ರಶ್ನೆ: ನಮ್ಮ ಊರಿನ ಪಬ್ ಕೊಳ್ಳಲು ಷೇರು ಬಿಡುಗಡೆ ಮಾಡಿದ್ದಾರೆ. ನನ್ನ ಪತಿ ಐನೂರು ಪೌಂಡ್ ಹಾಕೋಣವೆನ್ನುತ್ತಾರೆ. ಈ ಹಣ ಸುರಕ್ಷಿತವೇ? ಬೇಕಾದಾಗ ವಾಪಸ್ ಪಡೆಯಬಹುದೇ?

ಉತ್ತರ: ಸುರಕ್ಷಿತವೆಂದು ಹೇಳಲಾರೆ. ಇಂತಹ ಖರೀದಿಗಾಗಿ ಊರವರು ಸಾಮಾನ್ಯವಾಗಿ ರಚಿಸಿಕೊಳ್ಳುವುದು ‘ಕಮ್ಯುನಿಟಿ ಬೆನಿಫಿಟ್ ಸೊಸೈಟಿ’ ಎಂಬ, 2014ರ ಕಾಯ್ದೆಯಡಿ ನೋಂದಣಿಯಾಗುವ ಸಹಕಾರಿ ಮಾದರಿಯ ಸಂಘ. ಇದರಲ್ಲಿ ಐವತ್ತು ಪೌಂಡ್ ಹಾಕಿದವರಿಗೂ ಐವತ್ತು ಸಾವಿರ ಹಾಕಿದವರಿಗೂ ಒಂದೇ ಮತ. ಷೇರುಪೇಟೆಯಲ್ಲಿ ಇವನ್ನು ಮಾರಲಾಗದು, ಬೆಲೆ ಏರುವುದೂ ಇಲ್ಲ. ಕೆಲವು ವರ್ಷಗಳ ನಂತರ ಸಂಘದ ಬಳಿ ಹಣವಿದ್ದರೆ, ಆಡಳಿತ ಮಂಡಳಿ ಒಪ್ಪಿದರೆ, ಹಾಕಿದಷ್ಟನ್ನೇ ಹಿಂದಕ್ಕೆ ಪಡೆಯಬಹುದು. ಪಬ್ ನಷ್ಟಕ್ಕೆ ಸಿಲುಕಿದರೆ ಅಷ್ಟೂ ಸಿಗಲಿಕ್ಕಿಲ್ಲ. ಬ್ಯಾಂಕಿನ ಠೇವಣಿಗಿರುವ ಪರಿಹಾರ ಯೋಜನೆಯ ರಕ್ಷಣೆ ಈ ಷೇರುಗಳಿಗಿಲ್ಲ. ವರ್ಷಕ್ಕಿಷ್ಟು ಬಡ್ಡಿ ಎಂದು ಪ್ರಚಾರಪತ್ರದಲ್ಲಿ ಬರೆದಿದ್ದರೂ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಊರಿನ ಪಬ್ಬಿಗೆಂದು ಕೊಟ್ಟು ಮರೆಯಬಹುದಾದಷ್ಟು ಹಣವಿದ್ದರೆ ಹಾಕಿ. ಮಕ್ಕಳ ಓದಿಗೆಂದು ಎತ್ತಿಟ್ಟದ್ದನ್ನು ಮುಟ್ಟಬೇಡಿ.

ಹಣ ಕೊಡುವ ಮುನ್ನ ಷೇರು ಪತ್ರದಲ್ಲಿ ನೋಡಬೇಕಾದ ಸಂಗತಿಗಳಿವೆ. ಗುರಿಯಷ್ಟು ಹಣ ಕೂಡದಿದ್ದರೆ ನಿಮ್ಮ ಮೊತ್ತ ವಾಪಸ್ ಬರುತ್ತದೆಯೇ? ಕಟ್ಟಡದ ಬೆಲೆಯನ್ನು ಸ್ವತಂತ್ರ ಸರ್ವೇಯರ್ ನಿರ್ಧರಿಸಿದ್ದಾರೆಯೇ, ಅಥವಾ ಮಾಲೀಕರು ಹೇಳಿದ್ದನ್ನೇ ಬರೆದಿದ್ದಾರೆಯೇ? ಚಾವಣಿ, ನೆಲಮಾಳಿಗೆ, ಅಡುಗೆಮನೆ, ವಿದ್ಯುತ್ ತಂತಿಗಳ ದುರಸ್ತಿಗೆಂದು ಖರೀದಿಯ ಬೆಲೆಯ ಹೊರತಾಗಿ ಎಷ್ಟು ತೆಗೆದಿರಿಸಲಾಗಿದೆ? ಎರಡು ಚಳಿಗಾಲ ಖಾಲಿ ಬಿದ್ದ ಹಳೆಯ ಕಟ್ಟಡ ಹೊರಗಿನಿಂದ ಕಂಡಷ್ಟು ಗಟ್ಟಿಯಾಗಿರುವುದಿಲ್ಲ. ಇನ್ನು, ಸರ್ಕಾರದ ‘ಕಮ್ಯುನಿಟಿ ಓನರ್‌ಶಿಪ್ ಫಂಡ್’ನಿಂದ ಅನುದಾನ ಬರುತ್ತದೆಂದು ಪತ್ರದಲ್ಲಿ ಬರೆದಿದ್ದರೆ ಅದು ಹಳೆಯ ಮಾಹಿತಿ: 2021ರಲ್ಲಿ 15 ಕೋಟಿ ಪೌಂಡ್‌ಗಳೊಂದಿಗೆ ಘೋಷಣೆಯಾದ ಆ ನಿಧಿ 2024ರ ಡಿಸೆಂಬರಿನಲ್ಲಿ ಮುಚ್ಚಿತು. ಷೇರು ಪತ್ರ ಸಿದ್ಧಪಡಿಸಿದವರು ಪ್ಲಂಕೆಟ್ ಯುಕೆ ಸಂಸ್ಥೆಯ ಸಲಹೆ ಪಡೆದಿದ್ದಾರೆಯೇ ಎಂದೂ ಕೇಳಿ. 1919ರಲ್ಲಿ ಐರ್ಲೆಂಡಿನ ಸಹಕಾರಿ ಧುರೀಣ ಹೊರೇಸ್ ಪ್ಲಂಕೆಟ್ ಸ್ಥಾಪಿಸಿದ ಆ ಸಂಸ್ಥೆ ಹಳ್ಳಿಗಳ ಅಂಗಡಿ, ಪಬ್ಬುಗಳಿಗೆ ಇದೇ ಬಗೆಯ ಮಾರ್ಗದರ್ಶನ ನೀಡುತ್ತದೆ.

ಪ್ರಶ್ನೆ: ಖರೀದಿ ಮುಗಿದಿದೆ, ಕೀಲಿಕೈ ನಮ್ಮ ಕೈಗೆ ಬಂದಿದೆ. ಸ್ವಯಂಸೇವಕರೇ ಸರದಿಯ ಮೇಲೆ ಪಬ್ ನಡೆಸಬೇಕೆಂದು ಅರ್ಧ ಊರು, ಬಾಡಿಗೆಗೆ ಕೊಡಬೇಕೆಂದು ಇನ್ನರ್ಧ ಊರು ಹೇಳುತ್ತಿದೆ. ಯಾವುದು ಸರಿ?

ಉತ್ತರ: ಪಬ್ ನಡೆಸಿ ಅನುಭವವಿರುವ ಒಬ್ಬರಿಗೆ, ಅಥವಾ ಒಂದು ಕುಟುಂಬಕ್ಕೆ, ನ್ಯಾಯವಾದ ಬಾಡಿಗೆಗೆ ಕೊಡುವುದೇ ಲೇಸೆಂದು ನಾನು ಹೇಳುತ್ತೇನೆ. ಗೋಡೆಗೆ ಬಣ್ಣ ಬಳಿಯಲು, ತೋಟ ಹಸನು ಮಾಡಲು ಸ್ವಯಂಸೇವಕರು ಉತ್ಸಾಹದಿಂದ ಬರುತ್ತಾರೆ. ಮಳೆ ಸುರಿಯುವ ಮಂಗಳವಾರದ ರಾತ್ರಿ ಹನ್ನೊಂದರವರೆಗೆ ಗಲ್ಲೆಯ ಹಿಂದೆ ನಿಲ್ಲಲು ಅವರೇ ವರ್ಷಗಟ್ಟಲೆ ಬರುತ್ತಾರೆಂದು ನಂಬುವುದು ಅವರಿಗೂ ಅನ್ಯಾಯ. ಹಿಂದಿನ ಬಾಡಿಗೆದಾರರು ಏಕೆ ಸೋತರೆಂಬುದನ್ನೂ ವಿಚಾರಿಸಿ. ಕಂಪನಿಯ ಒಡೆತನದ ಅನೇಕ ಪಬ್ಬುಗಳಲ್ಲಿ ಬಾಡಿಗೆದಾರರು ಆ ಕಂಪನಿ ಹೇಳಿದ ಬಿಯರನ್ನೇ ಅದು ಹೇಳಿದ ದರಕ್ಕೆ ಕೊಳ್ಳಬೇಕಾಗಿರುತ್ತದೆ. ವ್ಯಾಪಾರವಿದ್ದರೂ ಅವರ ಕೈಗೆ ಏನೂ ಉಳಿಯದಿರಲು ಇದೂ ಒಂದು ಕಾರಣ. ಊರೇ ಒಡೆಯನಾದಾಗ ಆ ಕಟ್ಟುಪಾಡು ಹೋಗುತ್ತದೆ, ಬಾಡಿಗೆಯೂ ಹಿತಮಿತವಾಗಿರಬಹುದು. ಬ್ರಿಟನ್ನಿನ ಮೊದಲ ಸಹಕಾರಿ ಪಬ್ ಎನಿಸಿದ, ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್‌ನ ಓಲ್ಡ್ ಕ್ರೌನ್ 2003ರಲ್ಲಿ ಊರವರದಾದಾಗ, ಅದರ ಹಿಂಬದಿಯಲ್ಲಿರುವ, ಬಿಯರ್ ತಯಾರಿಸುವ ಬ್ರೂವರಿ ಆಗಲೇ ಸಹಕಾರಿಯಾಗಿತ್ತು.

ಉತ್ತರ ಯಾರ್ಕ್‌ಷೈರಿನ ಹಡ್ಸ್‌ವೆಲ್‌ನ ಜಾರ್ಜ್ ಅಂಡ್ ಡ್ರಾಗನ್ ಪಬ್ಬನ್ನು ನಿಮ್ಮ ಸಮಿತಿ ಒಮ್ಮೆ ಹೋಗಿ ನೋಡಿ ಬರಲಿ. 2008ರಲ್ಲಿ ಮುಚ್ಚಿ, 2010ರಲ್ಲಿ ಊರವರ ಒಡೆತನದಲ್ಲಿ ತೆರೆದ ಅದು 2016ರಲ್ಲಿ ‘ಕ್ಯಾಮ್ರಾ’ ಎಂಬ ಬಿಯರ್ ಬಳಕೆದಾರರ ಸಂಘದಿಂದ ವರ್ಷದ ರಾಷ್ಟ್ರೀಯ ಪಬ್ ಎಂಬ ಮನ್ನಣೆ ಪಡೆಯಿತು. ಅಲ್ಲಿ ಪಬ್ಬಿನ ಜೊತೆಗೆ ಸಣ್ಣ ಅಂಗಡಿ, ಗ್ರಂಥಾಲಯ ಮತ್ತು ಊರವರು ತರಕಾರಿ ಬೆಳೆಯುವ ತುಂಡು ನೆಲಗಳಿವೆ. ಸ್ವಯಂಸೇವಕರಿಗೆ ಹೊಂದುವುದು ಇಂತಹ ಕೆಲಸವೇ.

ಪರವಾನಗಿಯ ವಿಷಯದಲ್ಲಿ ತಡಮಾಡಬೇಡಿ. ಪಬ್ ಮುಚ್ಚಿತೆಂದ ಮಾತ್ರಕ್ಕೆ ಮದ್ಯ ಮಾರಾಟದ ಪರವಾನಗಿ ರದ್ದಾಗುವುದಿಲ್ಲ. ಆದರೆ ಅದನ್ನು ಹೊಂದಿದ್ದವರು ದಿವಾಳಿಯಾಗಿದ್ದರೆ ಕೆಲವೇ ವಾರಗಳ ಗಡುವಿನೊಳಗೆ ವರ್ಗಾಯಿಸಿಕೊಳ್ಳದಿದ್ದರೆ ಹೋಗಿಬಿಡುತ್ತದೆ, ಮತ್ತೆ ಹೊಸದಾಗಿ ಅರ್ಜಿ ಹಾಕಬೇಕಾಗುತ್ತದೆ. ವೈಯಕ್ತಿಕ ಪರವಾನಗಿಯುಳ್ಳ ಒಬ್ಬರು ಮೇಲ್ವಿಚಾರಕರೆಂದು ಹೆಸರು ಕೊಡದೆ ಒಂದು ಲೋಟ ಬಿಯರನ್ನೂ ಮಾರುವಂತಿಲ್ಲ. ಆರಂಭೋತ್ಸವದ ದಿನಾಂಕವನ್ನು ಇವೆರಡೂ ಆದ ನಂತರ ಗೊತ್ತುಮಾಡಿ.

ಪ್ರಶ್ನೆ: ನಾನು ಮದ್ಯ ಸೇವಿಸುವವನಲ್ಲ. ನೆರೆಯವರು ಸಂಘದ ಸದಸ್ಯನಾಗೆಂದು ಕರೆಯುತ್ತಿದ್ದಾರೆ. ಸೇರುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತ ಇದೆ. ಪಬ್ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು ರೂಪ, ಸಾರ್ವಜನಿಕರ ಮನೆ ಎಂದರ್ಥ. ಬೆಳಗಿನ ಕಾಫಿ, ಮಧ್ಯಾಹ್ನದ ಸಸ್ಯಾಹಾರದ ಊಟ, ಮಕ್ಕಳು ಬರಬಹುದಾದ ಒಂದು ಕೋಣೆ, ಇವೆಲ್ಲ ಬೇಕೆಂದು ವಾರ್ಷಿಕ ಸಭೆಯಲ್ಲಿ ಕೇಳಲು ನಿಮ್ಮಂತಹವರೇ ಬೇಕು, ಮತ್ತು ನಿಮ್ಮದೂ ಒಂದು ಮತ. ಸಂಘಕ್ಕೆ ಲೆಕ್ಕಪತ್ರ ನೋಡಿಕೊಳ್ಳುವ ಖಜಾಂಚಿಯೂ ಬೇಕಾಗಿರುತ್ತಾರೆ. ಕುಡಿಯದವರೆಂದರೆ ಆ ಹುದ್ದೆಗೆ ಊರವರು ಇನ್ನಷ್ಟು ಒತ್ತಾಯ ಮಾಡಿಯಾರು, ಎಚ್ಚರ.