14 ವರ್ಷದ ಕಾರು: ಕ್ಲಚ್ ಹಾಕಿಸಬೇಕೇ, ಮಾರಿಬಿಡಬೇಕೇ?

ತೀರ್ಥಹಳ್ಳಿಯಲ್ಲಿ ಓಡುವ 14 ವರ್ಷದ ಕಾರು, ಕ್ಲಚ್ ಸವೆದಿದೆ, ಮೆಕ್ಯಾನಿಕ್ 12 ಸಾವಿರ ಹೇಳಿದ್ದಾರೆ ಎಂದಿದ್ದೀರಿ. ಕ್ಲಚ್ ಸವೆಯುವ ವಸ್ತುವೇ. ಆಗುಂಬೆ ಘಾಟಿಯನ್ನು ಆಗಾಗ ಹತ್ತಿಸಿದರೆ ಇನ್ನೂ ಬೇಗ ಸವೆಯುತ್ತದೆ. ಅಷ್ಟಕ್ಕೇ ಕಾರು ಮಾರಬೇಕಿಲ್ಲ.

ಮೊದಲು ಕಾರಿನ ಅಡಿಗೆ ಬಗ್ಗಿ ನೋಡಿ. ನಮ್ಮ ಕಡೆ ಕಾರಿನ ಆಯುಸ್ಸನ್ನು ತೀರ್ಮಾನಿಸುವುದು ತುಕ್ಕು. ಮಳೆಗಾಲವಿಡೀ ಕೆಮ್ಮಣ್ಣಿನ ಕೆಸರು ಚಕ್ರದ ಗೂಡಿನಲ್ಲಿ, ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ಮೆತ್ತಿಕೊಂಡಿರುತ್ತದೆ, ಒಣಗುವುದೇ ಇಲ್ಲ. ಜಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂದರೆ ಗಟ್ಟಿಯಾಗಿದೆ. ಸದ್ದು ಮಂಕಾಗಿ, ಕಂದು ಪದರ ಉದುರಿದರೆ ಒಳಗೆ ತಿಂದುಹಾಕಿದೆ. ಸಸ್ಪೆನ್ಷನ್ ಕೂರುವ ಜಾಗವೂ ಹೀಗಾಗಿದ್ದರೆ ಆಸೆ ಬಿಡಿ. ವೆಲ್ಡಿಂಗ್ ತೇಪೆ ಎರಡು ಮಳೆಗಾಲ ತಡೆದರೆ ಪುಣ್ಯ. ನನ್ನ ಹಳೆಯ ಕಾರಿನ ಎಂಜಿನ್‌ಗೆ 30 ಸಾವಿರ ಸುರಿದ ಮರುತಿಂಗಳು ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತಿತ್ತು!

ಅಡಿ ಗಟ್ಟಿಯಿದ್ದರೆ ಎಂಜಿನ್ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಅದಿಲ್ಲವಾದರೆ ಧೈರ್ಯವಾಗಿ ಕ್ಲಚ್ ಹಾಕಿಸಿ.

ಒಂದು ಮಾತು: ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದುವರಿಸಲು ಆರ್‌ಟಿಒ ತಪಾಸಣೆಯಲ್ಲಿ ಪಾಸಾಗಬೇಕು. ಆಮೇಲೆ 5 ವರ್ಷ ಸಿಗುತ್ತದೆ. ಟೈರ್, ಬ್ರೇಕ್, ದೀಪಗಳ ಖರ್ಚನ್ನೂ ಆ 12 ಸಾವಿರಕ್ಕೆ ಈಗಲೇ ಸೇರಿಸಿಕೊಂಡು ಲೆಕ್ಕ ಹಾಕಿ.