ಎಚ್‌ಐವಿ: ಯಾರನ್ನು ಕೇಳಬೇಕು, ಎಲ್ಲಿಗೆ ಹೋಗಬೇಕು?

ಪ್ರಶ್ನೆ: ಅಣ್ಣನಿಗೆ ಖಾಸಗಿ ಲ್ಯಾಬಿನಲ್ಲಿ ಎಚ್‌ಐವಿ ಪಾಸಿಟಿವ್ ಬಂದಿದೆ. ಜಿಲ್ಲಾಸ್ಪತ್ರೆಯಲ್ಲಿ ನಮ್ಮೂರಿನವರೇ ಕೆಲಸಕ್ಕಿದ್ದಾರೆ, ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವನು ಹೋಗುತ್ತಿಲ್ಲ. ಮೊಬೈಲಿನಲ್ಲಿ ನೋಡಿ, ಆರು ತಿಂಗಳಲ್ಲಿ ಗುಣಪಡಿಸುತ್ತೇನೆ ಎನ್ನುವವರಿಂದ ಪುಡಿ ತರಿಸಿದ್ದಾನೆ. ಗುಟ್ಟಾಗಿ ಸರಿಯಾದ ಮಾಹಿತಿ ಎಲ್ಲಿ ಸಿಗುತ್ತದೆ?

ಉತ್ತರ: ಇದೇ ಪತ್ರ ಬೇರೆ ಬೇರೆ ಊರುಗಳಿಂದ ಬರುತ್ತಲೇ ಇದೆ. ಪ್ರತಿ ಸಲವೂ ಆ ಪುಡಿಯ ಪೊಟ್ಟಣ ಇದ್ದೇ ಇರುತ್ತದೆ. ಅದನ್ನು ಇವತ್ತೇ ಬಿಸಾಡಿಸಿ. ಏಡ್ಸ್ ಗುಣಪಡಿಸುತ್ತದೆ ಎಂದು ಹೇಳಿ ಔಷಧಿ ಮಾರುವುದನ್ನು ನಮ್ಮ ಔಷಧ ನಿಯಮಗಳ ‘ಶೆಡ್ಯೂಲ್ ಜೆ’ ನಿಷೇಧಿಸಿದೆ. ಆತ ವೈದ್ಯನಲ್ಲ, ಹೆದರಿದವರ ಹಣ ಕೀಳುವ ವಂಚಕ.

ಅಣ್ಣನ ಕೈಗೆ ಫೋನ್ ಕೊಟ್ಟು 1097ಕ್ಕೆ ಕರೆ ಮಾಡಿಸಿ. ಇದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ. ಕಾಸು ಖರ್ಚಿಲ್ಲ, ಹೆಸರು ಹೇಳಬೇಕಿಲ್ಲ. ಹತ್ತಿರದ ಐಸಿಟಿಸಿ (ಎಚ್‌ಐವಿ ಸಮಾಲೋಚನೆ, ಪರೀಕ್ಷೆಯ ಕೇಂದ್ರ) ಎಲ್ಲಿದೆ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರ ಎಲ್ಲಿದೆ ಎಂದು ಅವರೇ ತಿಳಿಸುತ್ತಾರೆ.

ಲ್ಯಾಬಿನ ಒಂದು ಚೀಟಿ ನಂಬಿ ಕೂರಬೇಡಿ. ಐಸಿಟಿಸಿಯಲ್ಲಿ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲಿ ಪರೀಕ್ಷೆ ಮಾಡಿದ ಮೇಲೆಯೇ ಪಾಸಿಟಿವ್ ಎಂದು ಖಚಿತಪಡಿಸುತ್ತಾರೆ. ರಕ್ತ ತೆಗೆಯುವ ಮೊದಲು ಆಪ್ತ ಸಮಾಲೋಚಕರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಬೇಕು. ಬಾಗಿಲು ತೆರೆದಿದ್ದರೆ ಮುಚ್ಚಿ ಎಂದು ಕೇಳಲು ಸಂಕೋಚ ಬೇಡ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ, ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಆಸ್ಪತ್ರೆಯವರು ಅವನ ವಿಷಯವನ್ನು ಊರವರಿಗಾಗಲಿ ಕೆಲಸ ಕೊಟ್ಟವರಿಗಾಗಲಿ ಹೇಳುವಂತಿಲ್ಲ.

ಇಷ್ಟಾದರೂ ಊರಿನವರ ಕಣ್ಣಿಗೆ ಬೀಳುವ ಭಯವಿದ್ದರೆ ಪಕ್ಕದ ಜಿಲ್ಲೆಯ ಎಆರ್‌ಟಿ ಕೇಂದ್ರದಲ್ಲಿ ನೋಂದಾಯಿಸಿಕೊಳ್ಳಲಿ. ಆದರೆ ಬೆಂಗಳೂರಿಗೇ ಹೋಗುತ್ತೇನೆ ಎಂದರೆ ಒಪ್ಪಬೇಡಿ. ದೂರದ ಕೇಂದ್ರ ಹಿಡಿದವರು ಮೊದಲ ಎರಡು ತಿಂಗಳು ಸರಿಯಾಗಿ ಹೋಗುತ್ತಾರೆ. ಆಮೇಲೆ ಬಸ್ ಚಾರ್ಜು, ಒಂದು ದಿನದ ಕೂಲಿ, ಮನೆಯಲ್ಲಿ ಹೇಳಬೇಕಾದ ಸುಳ್ಳು ಎಲ್ಲ ಸೇರಿ ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ವೈರಸ್ ಆ ಔಷಧಿಗೆ ಬಗ್ಗದಂತಾಗುತ್ತದೆ. ಒಂದೇ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುವಂಥ ಊರು ನೋಡಿಕೊಳ್ಳಿ. ಧೈರ್ಯ ಬಂದ ಮೇಲೆ ಹತ್ತಿರದ ಕೇಂದ್ರಕ್ಕೆ ವರ್ಗ ಮಾಡಿಸಿಕೊಳ್ಳಬಹುದು.

ಸರ್ಕಾರ ಈ ಔಷಧಿಯನ್ನು 2004ರಿಂದ ಉಚಿತವಾಗಿ ಕೊಡುತ್ತಿದೆ. ಔಷಧಿ ಶುರುಮಾಡಲು ಸಿಡಿ4 (ರೋಗ ತಡೆಯುವ ರಕ್ತಕಣಗಳ ಎಣಿಕೆ) ಇಳಿಯುವವರೆಗೆ ಕಾಯಿರಿ ಎನ್ನುವ ಕಾಲ 2017ಕ್ಕೇ ಮುಗಿಯಿತು. ಈಗ ಹೆಚ್ಚಿನವರಿಗೆ ದಿನಕ್ಕೊಂದೇ ಮಾತ್ರೆ, ಅದರಲ್ಲೇ ಮೂರು ಔಷಧಿ ಇರುತ್ತವೆ. ಕೆಮ್ಮು, ಜ್ವರ, ತೂಕ ಇಳಿತ ಇದ್ದರೆ ಮೊದಲ ದಿನವೇ ಹೇಳಲಿ, ಕ್ಷಯ ಇದೆಯೇ ಎಂದು ನೋಡಬೇಕು.

ಅತ್ತಿಗೆಯ ವಿಷಯ ನೀವು ಬರೆದಿಲ್ಲ. ಅಣ್ಣನಿಗೆ ಮದುವೆಯಾಗಿದ್ದರೆ ಆಕೆಗೂ ಪರೀಕ್ಷೆಯಾಗಲೇಬೇಕು. ಆಕೆಗೆ ಹೇಗೆ ಹೇಳುವುದು ಎನ್ನುವುದಕ್ಕೂ ಸಮಾಲೋಚಕರ ನೆರವು ಸಿಗುತ್ತದೆ. ಆಕೆ ಬಸುರಿಯಾಗಿದ್ದು ಸೋಂಕು ಕಂಡರೂ, ಬೇಗ ಔಷಧಿ ಶುರುವಾದರೆ ಮಗುವನ್ನು ಸೋಂಕಿನಿಂದ ಉಳಿಸಿಕೊಳ್ಳುವ ದಾರಿ ಇದೆ. ಸೋಂಕಿತರೇ ಕಟ್ಟಿಕೊಂಡ ಸಂಘಗಳ ವಿಳಾಸವನ್ನೂ ಎಆರ್‌ಟಿ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಹತ್ತು ವರ್ಷದಿಂದ ಮಾತ್ರೆ ನುಂಗುತ್ತಾ ಹೊಲ, ಮನೆ ನೋಡಿಕೊಂಡಿರುವವರೊಬ್ಬರ ಜೊತೆ ಅಣ್ಣ ಅರ್ಧ ಗಂಟೆ ಕೂತರೆ, ನನ್ನ ಈ ಉತ್ತರಕ್ಕಿಂತ ಹೆಚ್ಚು ಉಪಯೋಗ.

ಪ್ರಶ್ನೆ: ಸೊಳ್ಳೆಯಿಂದ, ಒಂದೇ ತಟ್ಟೆಯಲ್ಲಿ ಉಂಡರೆ ಬರುತ್ತದೆಯೇ?

ಉತ್ತರ: ಇಲ್ಲ. ಇದನ್ನು ಇನ್ನು ಕೇಳಬೇಡಿ.

ಪ್ರಶ್ನೆ: ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣ) ‘ಪತ್ತೆಯಾಗಿಲ್ಲ’ ಎಂದು ಬಂದಿದೆ. ಮಾತ್ರೆ ನಿಲ್ಲಿಸಲೇ?

ಉತ್ತರ: ಖಂಡಿತ ಬೇಡ. ಮಾತ್ರೆ ನುಂಗುತ್ತಿರುವುದರಿಂದಲೇ ಹಾಗೆ ಬಂದಿದೆ. ಹೀಗೇ ಇರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೂ ಹರಡುವುದಿಲ್ಲ.

ಪ್ರಶ್ನೆ: ನಿನ್ನೆ ರಾತ್ರಿ ಕಾಂಡೋಮ್ ಹರಿಯಿತು. ಏನು ಮಾಡಲಿ?

ಉತ್ತರ: ಸೋಂಕು ತಡೆಯುವ ‘ಪೆಪ್’ ಎಂಬ ಔಷಧಿ ಇದೆ. ಅದನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ತೆಗೆದುಕೊಳ್ಳಬೇಕು. ಇಂಥದ್ದನ್ನು ಅಂಕಣಕ್ಕೆ ಬರೆದು ಕಾಯಬೇಡಿ, ಉತ್ತರ ಅಚ್ಚಾಗುವಷ್ಟರಲ್ಲಿ ಆ ಗಂಟೆಗಳು ಕಳೆದಿರುತ್ತವೆ. ನೇರ ಎಆರ್‌ಟಿ ಕೇಂದ್ರಕ್ಕೆ ಹೋಗಿ. ರಾತ್ರಿಯಾದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ‘ಪೆಪ್ ಬೇಕು’ ಎಂದು ಕೇಳಿ.