ಮಳೆಗಾಲದಲ್ಲಿ ಮರಿ ಮಾಡಿಸುವಾಗ ನೀರಿನ ಬಟ್ಟಲು ಎಷ್ಟು ಅಗಲ ಇರಬೇಕು?

ಥರ್ಮೋಕೋಲ್ ಪೆಟ್ಟಿಗೆಯಲ್ಲಿ 24 ಮೊಟ್ಟೆ ಇಟ್ಟು ಮರಿ ಮಾಡಿಸಿ ಮನೆ ಊಟಕ್ಕೆ ಕೋಳಿ ಸಾಕಬಹುದೇ, ಇಲ್ಲ ರೆಡಿಮೇಡ್ ಮಷಿನ್ನೇ ಕೊಳ್ಳಬೇಕೇ ಅಂತ ಕೇಳಿದ್ದೀರಿ. ನಾನು ಇಟ್ಟದ್ದೂ 24 ಮೊಟ್ಟೆಯೇ, ತೀರ್ಥಹಳ್ಳಿ ಕಡೆಯ ಜುಲೈ ಮಳೆಯಲ್ಲಿ. ಏಳನೇ ದಿನ ಟಾರ್ಚ್ ಹಿಡಿದಾಗ ಮೂರು ಗೊಡ್ಡು, ಒಂದರಲ್ಲಿ ಬರೀ ರಕ್ತದ ಉಂಗುರ. ಉಳಿದ 20ರಲ್ಲೂ ಜೇಡನ ಕಾಲಿನ ಹಾಗೆ ನರ ಹರಡಿತ್ತು. 18ನೇ ದಿನವೂ ಅಷ್ಟೂ ಜೀವಂತ. 21ನೇ ದಿನ ಹೊರಗೆ ಬಂದದ್ದು ನಾಲ್ಕೇ ಮರಿ.

ಎರಡು ದಿನ ಕಾದು ಉಳಿದ 16 ಮೊಟ್ಟೆ ಒಡೆದೆ. ಒಳಗೆ ಪೂರ್ತಿ ಬೆಳೆದ ಮರಿ. ತುಪ್ಪಳ ಬಂದಿದೆ, ಉಗುರು ಬಂದಿದೆ, ಹಳದಿ ಭಾಗವೂ ಹೊಟ್ಟೆಯೊಳಗೆ ಸೇರಿದೆ. ಆದರೆ ಕತ್ತು ಊದಿಕೊಂಡು, ಮೈಯೆಲ್ಲ ಲೋಳೆ ನೀರು. ಮೊಟ್ಟೆಯ ದಪ್ಪ ತುದಿಯಲ್ಲಿ ಇರಬೇಕಾದ ಗಾಳಿ ಗೂಡು ಒಂದು ರೂಪಾಯಿ ನಾಣ್ಯದಷ್ಟೂ ಇರಲಿಲ್ಲ. ಮರಿ ಚಿಪ್ಪು ಒಡೆಯುವ ಮೊದಲು ಕೊಕ್ಕನ್ನು ಆ ಗೂಡಿಗೆ ತೂರಿಸಿ ಮೊದಲ ಉಸಿರು ಎಳೆಯುತ್ತದೆ. ಅಲ್ಲಿ ಗಾಳಿಗೆ ಜಾಗವೇ ಇಲ್ಲದೆ ಅವು ಚಿಪ್ಪಿನೊಳಗೇ ಮುಳುಗಿ ಸತ್ತಿದ್ದವು.

ತಪ್ಪು ನೀರಿನದು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ವಿಡಿಯೋಗಳಲ್ಲಿ 'ಮೊದಲ ದಿನದಿಂದಲೇ ಎರಡು ಬಟ್ಟಲು ನೀರಿಡಿ' ಅಂತ ಹೇಳಿ ಮುಗಿಸುತ್ತಾರೆ. ಚಿಪ್ಪಿನ ತುಂಬ ಸಣ್ಣ ರಂಧ್ರಗಳಿವೆ. 18 ದಿನದಲ್ಲಿ ಮೊಟ್ಟೆ ತನ್ನ ತೂಕದ ಶೇ. 12ರಿಂದ 13ರಷ್ಟನ್ನು ಆವಿಯಾಗಿ ಕಳೆದುಕೊಳ್ಳಲೇಬೇಕು. ಆ ನೀರು ಹೋದ ಜಾಗವೇ ಗಾಳಿ ಗೂಡು. ಪೆಟ್ಟಿಗೆಯಲ್ಲಿ ತೇವ ಹೆಚ್ಚಾದರೆ ನೀರು ಹೊರಗೆ ಹೋಗುವುದಿಲ್ಲ, ಗೂಡು ಬೆಳೆಯುವುದಿಲ್ಲ. ಮೊದಲ 18 ದಿನ ಶೇ. 45ರಿಂದ 50 ತೇವ ಸಾಕು, ಕೊನೆಯ ಮೂರು ದಿನ ಮಾತ್ರ 65ರಿಂದ 70 ಬೇಕು.

ತೇವ ಅಳೆಯುವ ನನ್ನ ಮೀಟರ್ ಶೇ. 55 ತೋರಿಸುತ್ತಿತ್ತು, ಅದನ್ನೇ ನಂಬಿದೆ. ಆಮೇಲೆ ಉಪ್ಪಿನ ಪರೀಕ್ಷೆ ಮಾಡಿದಾಗ ಅದು ನಿಜಕ್ಕಿಂತ 15 ಕಡಿಮೆ ತೋರಿಸುತ್ತಿದ್ದದ್ದು ಗೊತ್ತಾಯಿತು. ನೀವು ಇದನ್ನು ಮೊದಲೇ ಮಾಡಿ. ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ ಕೆಲವೇ ಹನಿ ನೀರು ಬೆರೆಸಿ. ಒದ್ದೆ ಮರಳಿನ ಹಾಗಿರಬೇಕು, ಕರಗಬಾರದು. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ 75 ತೋರಿಸಬೇಕು. 60 ತೋರಿಸಿದರೆ ನಿಮ್ಮ ಮೀಟರಿಗೆ 15 ಸೇರಿಸಿ ಓದಿ.

ಮಳೆಗಾಲದ ಲೆಕ್ಕ ಹೀಗೆ: ಹೊರಗೆ 22 ಡಿಗ್ರಿಯಲ್ಲಿ ಶೇ. 90 ತೇವ ಇರುವ ಗಾಳಿಯೇ ಪೆಟ್ಟಿಗೆಯೊಳಗೆ 37.7 ಡಿಗ್ರಿಗೆ ಕಾದಾಗ ಶೇ. 36ರ ಆಸುಪಾಸಿಗೆ ಬರುತ್ತದೆ. ಮೊಟ್ಟೆಯಿಂದ ಹೊರಡುವ ಆವಿಯೂ ಸೇರಿದರೆ 40 ದಾಟುತ್ತದೆ. ಹಾಗಾಗಿ ಮಲೆನಾಡಿನ ಮಳೆಯಲ್ಲಿ ಮೊದಲ 18 ದಿನ ಡಬ್ಬಿಯ ಮುಚ್ಚಳದಷ್ಟು ಅಗಲದ ನೀರು ಸಾಕು. ಕಲಬುರಗಿಯ ಒಣ ಚಳಿಗಾಲದಲ್ಲಿ ಅದೇ ಲೆಕ್ಕ 15ಕ್ಕೆ ಇಳಿಯಬಹುದು, ಅಲ್ಲಿ ಬಟ್ಟಲು ಬೇಕೇ ಬೇಕು. ಇನ್ನೊಂದು ವಿಷಯ, ತೇವ ನಿರ್ಧಾರವಾಗುವುದು ಬಟ್ಟಲಿನ ಅಗಲದಿಂದ, ಆಳದಿಂದ ಅಲ್ಲ. ಆಳ ಹೆಚ್ಚಿದರೆ ನೀರು ಹೆಚ್ಚು ದಿನ ಬರುತ್ತದೆ ಅಷ್ಟೆ.

ಮೀಟರಿಗಿಂತ ಅಡುಗೆಮನೆ ತಕ್ಕಡಿ ನಂಬಿಕಸ್ಥ. 20 ಮೊಟ್ಟೆ ಒಟ್ಟು 1,000 ಗ್ರಾಂ ಇದ್ದರೆ ಆರನೇ ದಿನಕ್ಕೆ 960ರ ಹತ್ತಿರ, 18ನೇ ದಿನಕ್ಕೆ 870ರಿಂದ 880 ಇರಬೇಕು. ಆರನೇ ದಿನವೂ 975 ಇದ್ದರೆ ಬಟ್ಟಲು ತೆಗೆದುಬಿಡಿ, ಸರಿಪಡಿಸಲು ಇನ್ನೂ ಸಮಯವಿದೆ. ಮುಂದಿನ ಸಲ ಹೀಗೆ ತೂಗಿಯೇ ಮಾಡಿದೆ, 24ಕ್ಕೆ 17 ಮರಿ ಬಂದವು. ಪೆಟ್ಟಿಗೆ ಅದೇ ಥರ್ಮೋಕೋಲ್‌ನದು.

ಅಂದರೆ ರೆಡಿಮೇಡ್ ಮಷಿನ್ ಬೇಕಿಲ್ಲ. 40 ವ್ಯಾಟಿನ ಎರಡು ಫಿಲಮೆಂಟ್ ಬಲ್ಬು ಹಾಕಿ. ಎಲ್‌ಇಡಿಯಲ್ಲಿ ಅಷ್ಟು ಶಾಖವಿಲ್ಲ, ಮತ್ತು ಒಂದೇ ಬಲ್ಬಾದರೆ ರಾತ್ರಿ ಸುಟ್ಟುಹೋದಾಗ ಎಲ್ಲ ಮುಗಿಯಿತು. ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದು, ಶಾಖ ನೋಡಿ ಬಲ್ಬು ಹಚ್ಚಿ ಆರಿಸುವ ಡಬ್ಲ್ಯೂ 1209 ಕಂಟ್ರೋಲರ್ ಒಂದು. ಆ ಕಂಟ್ರೋಲರ್ ಬರುವಾಗ 'ಕೂಲ್' ಮೋಡಿನಲ್ಲಿರುತ್ತದೆ, 'ಹೀಟ್'ಗೆ ಬದಲಾಯಿಸಿ. ಪಿ1 ಸೆಟ್ಟಿಂಗ್ (ಬಲ್ಬು ಆರುವ, ಮತ್ತೆ ಹತ್ತುವ ಶಾಖಗಳ ಅಂತರ) 2 ಡಿಗ್ರಿ ಇರುತ್ತದೆ, ಅದನ್ನು 0.3ಕ್ಕೆ ಇಳಿಸಿ. ಇಲ್ಲದಿದ್ದರೆ ಶಾಖ ಎರಡು ಡಿಗ್ರಿಯಷ್ಟು ಓಲಾಡುತ್ತದೆ. ಮೊಟ್ಟೆ ಏಳು ದಿನಕ್ಕಿಂತ ಹಳೆಯದಿರಬಾರದು, ಫ್ರಿಜ್ಜಿನಲ್ಲಿ ಇಟ್ಟದ್ದಿರಬಾರದು. ದಿನಕ್ಕೆ ಐದು ಸಲ ತಿರುಗಿಸಿ, 18ನೇ ದಿನಕ್ಕೆ ನಿಲ್ಲಿಸಿ. ಆಮೇಲೆ ಮುಚ್ಚಳ ತೆಗೆಯಬೇಡಿ. ಚಿಪ್ಪಿಗೆ ತೂತು ಬಿದ್ದ ಮೇಲೆ ಮರಿ ಬರಲು 12ರಿಂದ 24 ಗಂಟೆ ಹಿಡಿಯುತ್ತದೆ. ನಡುವೆ ತೆರೆದು ನೋಡಿದರೆ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯೊಳಗಿನ ಹಳದಿಯೇ ಎರಡು ದಿನದ ಆಹಾರ, ಗಾಬರಿ ಬೇಡ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಉದ್ದೇಶ ಮಾಂಸ ಮಾತ್ರವಾದರೆ ಮೊಟ್ಟೆ ಇಡಲೇಬೇಡಿ ಅನ್ನುವುದು ನನ್ನ ಖಚಿತ ಮಾತು. ಅಂಗಡಿಯ ಬಿಳಿ ಮೊಟ್ಟೆ ಹುಂಜವಿಲ್ಲದ ಶೆಡ್ಡಿನದು, ಅದರಲ್ಲಿ ಮರಿ ಬರುವುದಿಲ್ಲ. ಬ್ರಾಯ್ಲರ್ ಮೊಟ್ಟೆ ನಮ್ಮಂಥವರ ಕೈಗೆ ಸಿಗುವುದಿಲ್ಲ, ತಂದೆತಾಯಿ ಕೋಳಿಗಳೆಲ್ಲ ಕಂಪನಿಗಳ ಫಾರಂನಲ್ಲಿವೆ. ನಾಟಿ ಮೊಟ್ಟೆಯ ಮರಿ ಒಂದೂಕಾಲು ಕೆಜಿ ತೂಗಲು ಐದಾರು ತಿಂಗಳು ಬೇಕು, ಅದರಲ್ಲಿ ಅರ್ಧ ಹ್ಯಾಟೆಗಳು. ಗಿರಿರಾಜ ಮಿಶ್ರತಳಿ, ನಿಮ್ಮ ಮನೆಯ ಗಿರಿರಾಜದ ಮೊಟ್ಟೆಯಿಂದ ಬಂದ ಮರಿಗಳೆಲ್ಲ ಒಂದೇ ಸಮ ಬೆಳೆಯುವುದಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ತಳಿಗಳ ಒಂದು ದಿನದ ಮರಿ ತಂದುಬಿಡಿ. ಮಾರೆಕ್ಸ್ ರೋಗದ ಲಸಿಕೆ ಆಗಿದೆಯೇ ಅಂತ ತರುವಾಗಲೇ ಕೇಳಿ, ಏಕೆಂದರೆ ಅದನ್ನು ಹ್ಯಾಚರಿಯಲ್ಲಿ ಮೊದಲ ದಿನವೇ ಕೊಡಬೇಕು.

25 ಮರಿಗೆ 60 ವ್ಯಾಟಿನ ಬಲ್ಬು ಒಂದು ಸಾಕು, ತೀರಾ ಚಳಿಯಿದ್ದರೆ ಎರಡು. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸಿ. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿ ಕಿರುಚುತ್ತಿದ್ದರೆ ಚಳಿ, ದೂರ ಹೋಗಿ ಬಾಯಿ ತೆರೆದಿದ್ದರೆ ಸೆಕೆ. ನೆಲಕ್ಕೆ ಎರಡು ಇಂಚು ಭತ್ತದ ಹೊಟ್ಟು, ಅದರ ಮೇಲೆ ಮೊದಲ ಎರಡು ಮೂರು ದಿನ ಪೇಪರ್. ಇಲ್ಲದಿದ್ದರೆ ಆಹಾರ ಅಂತ ಹೊಟ್ಟನ್ನೇ ತಿನ್ನುತ್ತವೆ. ಏಳನೇ ದಿನದೊಳಗೆ ಕೊಕ್ಕರೆ (ರಾಣಿಖೇತ್) ರೋಗಕ್ಕೆ ಲಸೋಟ ಲಸಿಕೆ ಒಂದು ಕಣ್ಣಿಗೆ ಒಂದು ಹನಿ, 14ನೇ ದಿನ ಗುಂಬೊರೊ ರೋಗದ ಲಸಿಕೆ, ನಾಲ್ಕನೇ ವಾರ ಮತ್ತೆ ಲಸೋಟ. ಲಸಿಕೆ ಐಸ್‌ನಲ್ಲೇ ತರಬೇಕು, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಶೀಶೆಯಲ್ಲಿ ನೂರು ಮರಿಗಾಗುವಷ್ಟು ಇರುವುದರಿಂದ ಅಕ್ಕಪಕ್ಕದ ಮನೆಯವರನ್ನೂ ಸೇರಿಸಿಕೊಳ್ಳಿ.

ಮಳೆಗಾಲದಲ್ಲಿ ಮೂರನೇ ವಾರದಿಂದ ಆರನೇ ವಾರದವರೆಗೆ ರಕ್ತಭೇದಿಯ ಭಯ. ಬೆಳಿಗ್ಗೆ ಒಂದು ಹಿಡಿ ಹೊಟ್ಟು ಮುಷ್ಟಿಯಲ್ಲಿ ಹಿಸುಕಿ ನೋಡಿ. ಕೈಬಿಟ್ಟಾಗ ಉದುರಿದರೆ ಸರಿ. ಉಂಡೆಯಾಗಿಯೇ ಉಳಿದರೆ ನೀರಿನ ಪಾತ್ರೆಯ ಸುತ್ತಲಿನ ಹೊಟ್ಟನ್ನು ಅಂದೇ ತೆಗೆದು ಹೊಸದು ಹಾಕಿ. ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ, ಅಂದೇ ಪಶುವೈದ್ಯರನ್ನು ಕೇಳಿ ಆಂಪ್ರೋಲಿಯಂ ಔಷಧಿ ನೀರಿಗೆ ಹಾಕಿ ಕೊಡಿ.